ಚಿನ್ನದ ಗಣಿಯವರ ಹೊಸ ಬಟ್ಟೆ



ಬಟ್ಟೆ ಕೊಳ್ಳುವುದೆಂಬುದು ಗೃಹಕೃತ್ಯದ ಒಂದು ಸಣ್ಣ ಭಾಗವೆಂದೂ, ಹಬ್ಬಕ್ಕೆ ಮುಂಚಿನ ವಾರದಲ್ಲಿ ಮನೆಯೊಳಗೇ ಮಾತಾಗಿ ಮನೆಯೊಳಗೇ ಮುಗಿಯತಕ್ಕದ್ದೆಂದೂ ಅನೇಕರು ಭಾವಿಸಿರುವರು. ಆ ವಿಷಯದಲ್ಲಿ ನಮ್ಮ ಕಿವಿಗೆ ಬೀಳುವ ಮಾತು ಸಾಮಾನ್ಯವಾಗಿ ಎರಡು ಬಗೆಯದು. ಒಂದು ವೈರಾಗ್ಯದ ಮಾತು: ಮಾನ ಮುಚ್ಚುವಷ್ಟು ಬಟ್ಟೆಯಿದ್ದರೆ ಸಾಕು, ಅದಕ್ಕೆ ಮೀರಿದುದೆಲ್ಲ ಆಡಂಬರ ಎಂಬುದು. ಇನ್ನೊಂದು ವ್ಯಾಪಾರದ ಮಾತು: ಇದ್ದುದು ಹಳತಾಯಿತು, ಹೊಸತು ಬಂದಿದೆ, ತಡಮಾಡದೆ ಕೊಳ್ಳಿರಿ ಎಂಬುದು. ಈ ಎರಡು ಘೋಷಗಳ ನಡುವೆ, ತಿಂಗಳ ಸಂಬಳದಲ್ಲಿ ಅಕ್ಕಿ, ಬೇಳೆ, ಮನೆಬಾಡಿಗೆಗಳನ್ನು ಕಳೆದು ಉಳಿದ ಹಣವನ್ನು ಕಿಸೆಯಲ್ಲಿಟ್ಟುಕೊಂಡು ಜವಳಿ ಅಂಗಡಿಯ ಮೆಟ್ಟಿಲನ್ನೇರುವ ಗೃಹಸ್ಥನ ಮನಸ್ಸಿನಲ್ಲಿ ಏನೇನು ನಡೆಯುತ್ತದೆ, ಅವನು ಯಾರಿಗಾಗಿ ಏನನ್ನು ಆರಿಸುತ್ತಾನೆ, ಯಾವುದನ್ನು ಮುಟ್ಟಿ ನೋಡಿ ನಿಟ್ಟುಸಿರಿಟ್ಟು ಹಿಂದಕ್ಕೆ ಸರಿಸುತ್ತಾನೆ ಎಂಬುದನ್ನು ವಿಚಾರಿಸಿದವರು ವಿರಳ. ನಾನು ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿ ಬೆಳೆದು, ಈಗ ಬಂಗಾರಪೇಟೆಯಲ್ಲಿ ನೆಲೆಸಿರುವವನು. ಆ ಗಣಿಸೀಮೆಯಲ್ಲಿ ಕಂಡುದರಿಂದ ನನ್ನಲ್ಲಿ ದೃಢವಾಗಿ ನಿಂತಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಟ್ಟೆ ಕೊಳ್ಳುವುದು ಗಂಭೀರವಾದ ಕಾರ್ಯ. ಯಾರಿಗೆ ಲೋಕವು ಗೌರವವನ್ನು ತಾನಾಗಿ ಕೊಡಲಿಲ್ಲವೋ ಅವರ ಪಾಲಿಗಂತೂ ಅದು ಗೌರವವನ್ನು ಸಂಪಾದಿಸುವ ಕಾರ್ಯ.

ಬಂಗಾರಪೇಟೆಯು ಹಿಂದೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರನ್ನು ಹೊತ್ತು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರು. ಬೆಂಗಳೂರಿನಿಂದ ಮದರಾಸಿನ ಕಡೆಗೆ ಹೋಗುವ ರೈಲುದಾರಿಯು ಅಲ್ಲಿ ಕವಲೊಡೆದು, ಆ ಕವಲು ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. 1880ರಲ್ಲಿ ಜಾನ್ ಟೇಲರ್ ಮತ್ತು ಪುತ್ರರ ಕಂಪನಿಯವರು ಗಣಿಗಳನ್ನು ವಹಿಸಿಕೊಂಡ ತರುವಾಯ ಆ ಸೀಮೆಗೆ ಬಂದು ಸೇರಿದ ಜನವೆಷ್ಟು ವಿಧ! ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಬಂದ ತಮಿಳು ತೆಲುಗು ಕೂಲಿಕಾರರು, ಕಾರ್ನ್‌ವಾಲಿನಿಂದಲೂ ಇಟಲಿಯಿಂದಲೂ ಬಂದ ಗಣಿಗಾರರು, ಪಂಜಾಬಿನ ಕಾವಲುಗಾರರು, ಆಂಗ್ಲೋ ಇಂಡಿಯನ್ ಕುಟುಂಬಗಳು, ಮಾರವಾಡದ ಸಾಹುಕಾರರು, ಸುತ್ತಣ ಹಳ್ಳಿಗಳ ಕನ್ನಡ ರೈತರು. ಸಂಜೆಯ ಹೊತ್ತು ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ ನಿಂತವನಿಗೆ ಕಚ್ಚೆಪಂಚೆ, ಲುಂಗಿ, ಸೂಟು, ಪೇಟ, ರುಮಾಲು, ಫ್ರಾಕು, ಹದಿನೆಂಟು ಮೊಳದ ಸೀರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಕಾಣಸಿಗುತ್ತಿದ್ದುವು. ಇಷ್ಟು ಬಗೆಯ ಜನ ಒಬ್ಬರ ಬಟ್ಟೆಯನ್ನೊಬ್ಬರು ದಿನವೂ ನೋಡುತ್ತಿದ್ದ ಊರಿನಲ್ಲಿ ಉಡಿಗೆಯ ವಿಷಯವನ್ನು ಯಾರೂ ಹಗುರವಾಗಿ ಎಣಿಸಿದವರಲ್ಲ.

ಆದರೆ ಆ ಊರಿನ ಬಾಳು ನಡೆಯುತ್ತಿದ್ದುದು ಬೀದಿಯಲ್ಲಿ ಅಲ್ಲ, ಭೂಮಿಯ ಒಡಲಿನಲ್ಲಿ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿತ್ತು. ಅತ್ಯಂತ ಕೆಳಗಿನ ಪಾತಳಿಗಳಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿದ್ದುದರಿಂದ, ಯಂತ್ರಗಳ ಮೂಲಕ ತಂಪುಗೊಳಿಸಿದ ಗಾಳಿಯನ್ನು ಕೆಳಗೆ ತಳ್ಳದ ಹೊರತು ಅಲ್ಲಿ ಮನುಷ್ಯನು ದುಡಿಯುವಂತಿರಲಿಲ್ಲ. ತಳ್ಳಿದರೂ ಆ ಸೆಕೆಯಲ್ಲಿ ಮೈಮೇಲೆ ನಿಲ್ಲುತ್ತಿದ್ದುದು ಒಂದು ತುಂಡು ಚಡ್ಡಿ, ತಲೆಯ ಮೇಲಣ ಗಟ್ಟಿ ಟೋಪಿ, ಇಷ್ಟೇ. ಶಿಫ್ಟು ಮುಗಿಸಿ ಕೇಜಿನಲ್ಲಿ ಮೇಲಕ್ಕೆ ಬಂದವರನ್ನು ಚಿನ್ನದ ಕಳವಿನ ಅನುಮಾನದಿಂದ ಕಾವಲಿನವರು ತಡೆದು, ಮೈಯನ್ನೂ ಬಟ್ಟೆಯನ್ನೂ ತಡವಿ ಶೋಧಿಸುತ್ತಿದ್ದರು. ಈ ಎರಡು ಸಂಗತಿಗಳನ್ನು ಕೂಡಿಸಿ ಯೋಚಿಸಿದರೆ ಗಣಿಯ ಕೆಲಸಗಾರನಿಗೂ ಅವನ ಬಟ್ಟೆಗೂ ಇದ್ದ ಸಂಬಂಧವು ನಮ್ಮ ನಿಮ್ಮ ಸಂಬಂಧದಂತಹುದಲ್ಲವೆಂಬುದು ತಿಳಿಯುತ್ತದೆ. ದಿನದ ಎಂಟು ಗಂಟೆ ಅವನು ಬಟ್ಟೆಯನ್ನು ಕಳಚಿ ದುಡಿಯಬೇಕು. ದುಡಿದು ಬಂದ ಮೇಲೆ ತೊಟ್ಟ ಬಟ್ಟೆಯ ಮಡಿಕೆ ಮಡಿಕೆಯನ್ನೂ ಪರರು ತಡವಲು ಬಿಡಬೇಕು. ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ 800 ಟನ್ನಿಗೂ ಹೆಚ್ಚು ಚಿನ್ನವನ್ನು ಆ ಜನ ಬಂಡೆಯಿಂದ ಬಿಡಿಸಿ ಕೊಟ್ಟರು. ಅದರಲ್ಲಿ ಅವರ ಹೆಂಡಿರ ಕಿವಿಗೂ ಮೂಗಿಗೂ ಬಂದುದು ಅತ್ಯಲ್ಪ. ಬಂದುದೂ ಕಷ್ಟಕಾಲದಲ್ಲಿ ಗಿರವಿ ಅಂಗಡಿಯ ಪೆಟ್ಟಿಗೆಯನ್ನು ಸೇರುತ್ತಿತ್ತು. ಅವರಿಗೆ ಆಭರಣವಾಗಿ ಒದಗಿದುದು ಬಟ್ಟೆಯೇ.

ಆದುದರಿಂದಲೇ ಶಿಫ್ಟಿನಿಂದ ಮನೆಗೆ ಬಂದು, ಮೈಯುಜ್ಜಿ ಮಿಂದು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿಯ ಅಂಗಿಯನ್ನು ತೊಟ್ಟು, ಕ್ರಾಪು ತೀಡಿಕೊಂಡು ಆಂಡರ್ಸನ್‌ಪೇಟೆಯ ಕಡೆಗೆ ನಡೆದು ಹೋಗುತ್ತಿದ್ದ ಗಣಿಕಾರರನ್ನು ನೆನೆದರೆ ಇಂದಿಗೂ ನನ್ನ ಮನಸ್ಸು ತುಂಬುತ್ತದೆ. ಅವರ ವಾಸ ಲೈನುಮನೆಗಳಲ್ಲಿ. ಒಂದು ಕೋಣೆ, ಅದರ ಮುಂದೊಂದು ಕಿರುಜಗಲಿ. ಅಷ್ಟರಲ್ಲಿಯೂ ಗೋಡೆಗೆ ಬಡಿದ ಒಂದು ಹಲಗೆಯ ಮೇಲೆ, ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟ ಒಳ್ಳೆಯ ಉಡುಪು ಒಂದಿರುತ್ತಿತ್ತು. ಕ್ರೈಸ್ತರ ಮನೆಯಲ್ಲಿ ಅದು ಕ್ರಿಸ್‌ಮಸ್ಸಿನಂದು ಹೊರಬರುವುದು, ಹಿಂದೂಗಳ ಮನೆಯಲ್ಲಿ ದೀಪಾವಳಿ ಪೊಂಗಲುಗಳಂದು, ಮುಸಲ್ಮಾನರ ಮನೆಯಲ್ಲಿ ರಂಜಾನಿನಂದು. ಇಷ್ಟೇ ಭೇದ.

ಆ ಕಾಲದ ಜವಳಿ ವ್ಯಾಪಾರದ ಕ್ರಮವನ್ನು ಈಗಿನ ತರುಣರಿಗಾಗಿ ತುಸು ವಿಸ್ತರಿಸುವುದು ಉಚಿತ. ಅಂಗಡಿಯ ಒಳಗೆ ನೆಲದ ಮೇಲೆ ಬಿಳಿಯ ಹಾಸು, ಅದರ ಮೇಲೆ ಒರಗುದಿಂಬು, ಹಿಂದೆ ಮಾಡಿನವರೆಗೆ ಪೇರಿಸಿದ ಥಾನುಗಳು. ಗಿರಾಕಿಯು ಪಾದರಕ್ಷೆಯನ್ನು ಹೊರಗೆ ಬಿಟ್ಟು ಕುಳಿತುಕೊಳ್ಳಬೇಕು. ಅವನನ್ನು ಕೂರಿಸುವುದು ವ್ಯಾಪಾರಿಯ ಮೊದಲ ಧರ್ಮ. ಬಿನ್ನಿ ಮಿಲ್ಲಿನ ಡ್ರಿಲ್ಲು, ಮಿನರ್ವ ಮಿಲ್ಲಿನ ಲಾಂಗ್‌ಕ್ಲಾತು, ಬೊಂಬಾಯಿಯ ಪಾಪ್ಲಿನ್ನು, ರೈಲಿನಲ್ಲಿ ಗುಡಿಯಾತ್ತದಿಂದ ಬಂದ ಲುಂಗಿಯ ಗಂಟು, ಆರಣಿಯ ರೇಷ್ಮೆ, ದೊಡ್ಡಬಳ್ಳಾಪುರದ ಸೀರೆ, ಇವು ಒಂದಾದ ಮೇಲೊಂದು ಬಿಚ್ಚಿಕೊಳ್ಳುವುವು. ಪನ್ನವೆಷ್ಟು, ಗಜಕ್ಕೆಷ್ಟು, ಬಣ್ಣ ಹೋಗುವುದೋ ನಿಲ್ಲುವುದೋ, ನೆನೆದರೆ ಎಷ್ಟು ಕುಗ್ಗುವುದು, ಈ ಪ್ರಶ್ನೆಗಳು ತಮಿಳಿನಲ್ಲಿ ಹುಟ್ಟಿ, ತೆಲುಗಿನಲ್ಲಿ ಬೆಳೆದು, ಕನ್ನಡದಲ್ಲಿ ಇತ್ಯರ್ಥವಾಗುವುವು. ಚೌಕಾಸಿಯು ಒಂದು ಸಂಭಾಷಣೆಯಾಗಿತ್ತು. ವ್ಯಾಪಾರಿಯು ಮಕ್ಕಳ ಓದನ್ನು ವಿಚಾರಿಸಿಕೊಳ್ಳುತ್ತಲೇ ನಾಲ್ಕಾಣೆ ಇಳಿಸುವನು, ಗಿರಾಕಿಯು ಮೇಲೇಳುವವನಂತೆ ಮಾಡಿ ಮತ್ತೆ ಕುಳಿತು ಎರಡಾಣೆ ಏರಿಸುವನು. ನನ್ನ ಹಿರಿಯರು ಯುದ್ಧಕಾಲದ ಅಭಾವವನ್ನು ಮರೆತಿರಲಿಲ್ಲ. ಅಂದಿನ ಭಾರತ ಸರ್ಕಾರವು 1943ರಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆಯನ್ನು ಹೊರಡಿಸಿ ಬಟ್ಟೆಯ ಮೇಲೆಯೇ ಬೆಲೆಯನ್ನು ಒತ್ತಿಸಿದರೂ, ಒತ್ತಿದ ಬೆಲೆಗೆ ಬಟ್ಟೆಯು ದೊರೆಯದೆ ಜನ ಅಲೆದರು. ಅದನ್ನು ಕಂಡವರಾದುದರಿಂದ ಅವರು ಒಂದು ಗಜ ಬಟ್ಟೆಯನ್ನು ಕತ್ತರಿಸುವಾಗಲೂ ಉಸಿರು ಬಿಗಿಹಿಡಿದು ಕತ್ತರಿಯನ್ನು ನೋಡುತ್ತಿದ್ದರು.

ಇಷ್ಟನ್ನು ಹೇಳಿ ಸಾಲದ ಮಾತನ್ನು ಮರೆಮಾಚಿದರೆ ಅದು ಸತ್ಯವಾಗಲಾರದು. ಲೈನುಗಳಿಗೆ ಬಟ್ಟೆಯ ಗಂಟನ್ನು ಹೊತ್ತು ತಂದು ಕಂತಿನ ಮೇಲೆ ಕೊಟ್ಟು ಹೋಗುವವರಿದ್ದರು; ಬಟವಾಡೆಯ ದಿನ ಗಣಿಯ ಬಾಗಿಲಲ್ಲೇ ವಸೂಲಿಗೆ ನಿಲ್ಲುವವರೂ ಇದ್ದರು. ಹಬ್ಬದ ಸೀರೆಯು ಹರಿದು ಮಗುವಿನ ತೊಟ್ಟಿಲ ಬಟ್ಟೆಯಾದ ಮೇಲೂ ಅದರ ಕಂತು ಮುಗಿಯದಿದ್ದ ಮನೆಗಳನ್ನು ನಾನು ಬಲ್ಲೆ. ಇದನ್ನೇ ಹಿಡಿದು, ಬಡವರು ಹೊಸ ಬಟ್ಟೆಯ ಆಸೆಯಿಂದ ಕೆಟ್ಟರೆಂದು ಉಪದೇಶಿಸುವವರು ಆಗಲೂ ಇದ್ದರು. ಕೆಡಿಸಿದುದು ಬಡ್ಡಿ, ಆಸೆಯನ್ನು ದೂಷಿಸುವುದು ಅನ್ಯಾಯ.

ನಮ್ಮ ಮನೆಯಲ್ಲಿಯೇ ಈ ವಿಚಾರವು ಬಹುಕಾಲ ವಾದದ ವಸ್ತುವಾಗಿತ್ತು. ನನ್ನ ತಂದೆಯವರು ಗಣಿಯ ಕಚೇರಿಯೊಂದರಲ್ಲಿ ಗುಮಾಸ್ತರು, ಖಾದಿವ್ರತಿಗಳು. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಗಾಂಧೀಜಿಯವರು ಅಂಗಿ ಟೋಪಿಗಳನ್ನು ತ್ಯಜಿಸಿ ತುಂಡುಪಂಚೆಯನ್ನು ಅಂಗೀಕರಿಸಿದ ವೃತ್ತಾಂತವನ್ನು ಅವರು ವರ್ಷಕ್ಕೊಮ್ಮೆಯಾದರೂ ನಮಗೆ ಹೇಳುತ್ತಿದ್ದರು. ದೇಶದ ಕಡುಬಡವನಿಗಿಲ್ಲದುದು ತನಗೂ ಬೇಡವೆಂಬ ಆ ಸಂಕಲ್ಪದ ಹಿರಿಮೆಯನ್ನು ಹೇಳುವಾಗ ಅವರ ಕಂಠ ಗದ್ಗದವಾಗುತ್ತಿತ್ತು. ವರ್ಷಕ್ಕೆ ಎರಡು ಜೊತೆ ಬಟ್ಟೆಗಿಂತ ಹೆಚ್ಚನ್ನು ಅವರು ಕೊಂಡವರಲ್ಲ. ಕಾಲರು ಸವೆದರೆ ಬಿಚ್ಚಿಸಿ ತಿರುವಿ ಹೊಲಿಸಿಕೊಳ್ಳುವರು. ನಮ್ಮ ಮನೆಯ ಹಿಂದಣ ಲೈನಿನಲ್ಲಿ ಚಾಂಪಿಯನ್ ರೀಫಿನ ಕೆಲಸಗಾರರೊಬ್ಬರಿದ್ದರು. ಅವರ ಹಿರಿಯರು ಉತ್ತರ ಆರ್ಕಾಟಿನಿಂದ ಬಂದ ಆದಿದ್ರಾವಿಡರು. ಅವರ ಮನೆಯ ಗೋಡೆಯ ಮೇಲೆ ನೀಲಿಯ ಕೋಟು ತೊಟ್ಟ ಡಾಕ್ಟರ್ ಅಂಬೇಡ್ಕರರ ಪಟವಿತ್ತು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ ಅಂಬೇಡ್ಕರರು, ನಿಮ್ಮ ಜಾತಿಯನ್ನು ಸಾರುವ ಉಡಿಗೆಯನ್ನೂ ಭಾರದ ಅಗ್ಗದ ಒಡವೆಗಳನ್ನೂ ಬಿಟ್ಟು, ಮೇಲ್ಜಾತಿಯ ಹೆಂಗಸರು ಉಡುವ ರೀತಿಯಲ್ಲಿಯೇ ಸೀರೆಯುಟ್ಟು ನಡೆಯಿರಿ ಎಂದು ಬೋಧಿಸಿದುದು ಚರಿತ್ರೆಯಲ್ಲಿ ದಾಖಲಾಗಿರುವ ಸಂಗತಿ. ಆ ಬೋಧೆಯ ತಿರುಳು ಎಷ್ಟೋ ಬಾಯಿಗಳನ್ನು ದಾಟಿ ಲೈನುಮನೆಗಳನ್ನೂ ಮುಟ್ಟಿತ್ತು.

1960ರ ದಶಕದ ಒಂದು ದೀಪಾವಳಿ. ಬೋನಸ್ಸು ಬಂದಿತ್ತು. ಟೆರಿಲೀನ್ ಎಂಬ ಹೊಸ ಬಟ್ಟೆಯು ಅಂಗಡಿಗಳಿಗೆ ಇಳಿದು, ಇಸ್ತ್ರಿಯಿಲ್ಲದೆ ನೆಟ್ಟಗೆ ನಿಲ್ಲುವ ಅಂಗಿಯೆಂದು ಊರೆಲ್ಲ ಮಾತಾಗಿದ್ದ ಕಾಲ. ನಾನು ತಂದೆಯವರೊಡನೆ ಜವಳಿ ಅಂಗಡಿಯಲ್ಲಿ ಕುಳಿತಿದ್ದಾಗ ಆ ನೆರೆಯವರು ಬಂದರು. ಮೊದಲು ತಾಯಿಗೆ ಸೀರೆ, ಅನಂತರ ಹೆಂಡತಿಗೆ, ಅನಂತರ ವಯಸ್ಸಿನ ಕ್ರಮದಲ್ಲಿ ಮಕ್ಕಳಿಗೆ ಆರಿಸಿದರು. ಒಬ್ಬೊಬ್ಬರಿಗೂ ಏನು ಬೇಕೆಂಬುದು ಅವರ ಮನಸ್ಸಿನಲ್ಲಿ ಮೊದಲೇ ನಿಶ್ಚಯವಾಗಿದ್ದುದರಿಂದ ಆ ಆಯ್ಕೆಯಲ್ಲಿ ತಡವರಿಕೆಯಿರಲಿಲ್ಲ. ಕಟ್ಟಕಡೆಗೆ ತಮಗೆಂದು ಬಿಳಿಯ ಟೆರಿಲೀನ್ ಅಂಗಿಯ ಬಟ್ಟೆಯನ್ನು ಕೇಳಿದರು. ಪಕ್ಕದಲ್ಲಿ ಕುಳಿತಿದ್ದ ಕೆಲವರು ಮುಖ ನೋಡಿಕೊಂಡರು. ಇಂಥವರಿಗೇಕೆ ಇಷ್ಟು ಬೆಲೆಯದು ಎಂಬರ್ಥದ ಮಾತೊಂದು ಕೇಳಿಸುವಷ್ಟು ಮೆಲ್ಲಗೆ ಬಂತು. ನನ್ನ ತಂದೆಯವರು ಅಂತಹ ಮಾತನ್ನಾಡುವವರಲ್ಲ. ಆದರೂ ತಮ್ಮ ವ್ರತದ ಉತ್ಸಾಹದಲ್ಲಿ, ಖಾದಿ ಅಂಗಡಿಗೆ ಬಂದರೆ ಇದರ ಕಾಲುಭಾಗ ಬೆಲೆಗೆ ಬಾಳಿಕೆಯ ಬಟ್ಟೆ ಕೊಡಿಸುವೆನೆಂದೂ, ಸರಳತೆಗಿಂತ ಮಿಗಿಲಾದ ಅಲಂಕಾರವಿಲ್ಲವೆಂದೂ ಸ್ನೇಹದಿಂದಲೇ ಹೇಳಿದರು. ಆ ಮನುಷ್ಯರು ಬಟ್ಟೆಯಿಂದ ಕೈ ತೆಗೆಯದೆ, ಸಿಟ್ಟಿಲ್ಲದೆ ಉತ್ತರ ಕೊಟ್ಟರು: ‘ಸ್ವಾಮಿ, ನೀವು ತೇಪೆ ಹಾಕಿದ ಅಂಗಿ ತೊಟ್ಟರೆ ದೊಡ್ಡ ಮನುಷ್ಯರು, ಎಷ್ಟು ಸರಳ ಅಂತಾರೆ. ನಾನು ತೊಟ್ಟರೆ, ಅವನ ಜಾತಿಯೇ ಅಷ್ಟು ಅಂತಾರೆ.’

ತಂದೆಯವರು ಮಾತಾಡಲಿಲ್ಲ. ಖಾದಿಯನ್ನು ಅವರು ಬಿಡಲಿಲ್ಲ, ಬಿಡಬೇಕಾದ ಕಾರಣವೂ ಇರಲಿಲ್ಲ. ಆದರೆ ಅಂದಿನಿಂದ ಮುಂದೆ ಅನ್ಯರ ಉಡುಪನ್ನು ಕುರಿತು ಅವರು ಬುದ್ಧಿ ಹೇಳಿದುದನ್ನು ನಾನು ಕೇಳಲಿಲ್ಲ. ಆ ಮಾತನ್ನು ನಾನು ಬಹುವಾಗಿ ಮಥಿಸಿದ್ದೇನೆ. ಸರಳತೆಯು ನಿಜವಾಗಿಯೂ ಸದ್ಗುಣ. ಆದರೆ ತ್ಯಾಗವೆಂಬುದಕ್ಕೆ ಅರ್ಥ ಬರಬೇಕಾದರೆ ತ್ಯಜಿಸಲು ಏನಾದರೂ ಇರಬೇಕು. ಹುಟ್ಟಿನಿಂದಲೇ ಮರ್ಯಾದೆಯನ್ನು ಪಡೆದು ಬಂದವನು ಒಂದು ಅಂಗಿಯನ್ನು ಕಳಚಿದರೆ ಅವನ ಮರ್ಯಾದೆ ಇಮ್ಮಡಿಸುವುದು. ತಲೆತಲಾಂತರದಿಂದ ಮೊಣಕಾಲಿನ ಕೆಳಗೆ ಉಡಬೇಡ, ಹೆಗಲ ಮೇಲೆ ಹೊದೆಯಬೇಡ ಎನ್ನಿಸಿಕೊಂಡವನು ಒಂದು ಅಂಗಿಯನ್ನು ತೊಟ್ಟಾಗಲೇ ಅವನ ಮರ್ಯಾದೆ ಮೊದಲಾಗುವುದು. ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಹೆಂಗಸರು ಎದೆಯ ಮೇಲೆ ವಸ್ತ್ರ ಹೊದೆಯುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ, 1859ರಲ್ಲಿ ರಾಜಾಜ್ಞೆಯ ಮೂಲಕ ಅದನ್ನು ಪಡೆಯಬೇಕಾಯಿತೆಂಬುದನ್ನು ನೆನೆದರೆ, ಒಂದು ಮೇಲುವಸ್ತ್ರಕ್ಕೂ ಎಷ್ಟು ಬೆಲೆ ತೆತ್ತ ಜನ ನಮ್ಮ ನೆರೆಯಲ್ಲಿದ್ದರೆಂಬುದು ಮನದಟ್ಟಾಗುವುದು. ಗಾಂಧೀಜಿಯವರ ತುಂಡುಪಂಚೆಯನ್ನೂ ಅಂಬೇಡ್ಕರರ ಕೋಟನ್ನೂ ನಾನು ಒಂದೇ ಗೌರವದಿಂದ ಕಾಣುತ್ತೇನೆ. ಆದರೆ ಜವಳಿ ಅಂಗಡಿಯಲ್ಲಿ ಪಕ್ಕದಲ್ಲಿ ಕುಳಿತವನಿಗೆ ಇವೆರಡರಲ್ಲಿ ಯಾವುದು ಒಪ್ಪುವುದೆಂದು ನಿರ್ಣಯಿಸುವ ಅಧಿಕಾರ ನನಗಿಲ್ಲ. ನಮ್ಮ ಹಳೆಯ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮುಪ್ಪಿನಲ್ಲಿಯೂ ಸೂಟು ಪೇಟಗಳನ್ನು ಅಚ್ಚುಕಟ್ಟಾಗಿ ಧರಿಸಿಯೇ ಜನರನ್ನು ಕಾಣುತ್ತಿದ್ದುದನ್ನು ನಾವು ಶಿಸ್ತೆಂದು ಹೊಗಳುತ್ತೇವೆ. ಗಣಿಕಾರನ ಟೆರಿಲೀನ್ ಅಂಗಿಗೂ ಅದೇ ಹೆಸರು ಸಲ್ಲಬೇಕು.

ಇನ್ನು ನನ್ನ ತಾಯಿಯವರ ವಿಚಾರ. ಗಂಡಸರು ಅಂಗಡಿಗೆ ಹೋಗುವುದು ಬೇಸರದ ಕೆಲಸವೆಂದೂ ಹೆಂಗಸರಿಗೆ ಹತ್ತು ಸೀರೆ ಬಿಚ್ಚಿಸದೆ ತೃಪ್ತಿಯಿಲ್ಲವೆಂದೂ ನಿಂದಿಸುವ ಪದ್ಧತಿಯೊಂದುಂಟು. ಹಾಗೆ ನಿಂದಿಸುವ ಗಂಡಸು ತಾನು ತೊಟ್ಟಿರುವ ಅಂಗಿಯನ್ನು ಯಾರು ಆರಿಸಿದರೆಂದು ವಿಚಾರಿಸಿಕೊಳ್ಳಲಿ. ತಾಯಿಯವರು ಬಟ್ಟೆಯನ್ನು ಪರೀಕ್ಷಿಸುತ್ತಿದ್ದ ರೀತಿಯು ಒಂದು ವಿದ್ಯೆಯೇ ಆಗಿತ್ತು. ಬಟ್ಟೆಯ ಮೂಲೆಯನ್ನು ಬೆರಳುಗಳ ನಡುವೆ ಹಿಡಿದು ಬಲವಾಗಿ ಉಜ್ಜುವರು. ಬಿಳಿಯ ಹುಡಿ ಉದುರಿದರೆ, ಗಂಜಿಯ ಬಲದಿಂದ ದಪ್ಪನಾಗಿ ತೋರುವ ಬಟ್ಟೆಯೆಂದು ತಿಳಿದು ಕೆಳಗಿಡುವರು. ಬಾಗಿಲ ಬೆಳಕಿಗೆ ಎತ್ತಿ ಹಿಡಿದು ಹಾಸು ಹೊಕ್ಕುಗಳ ಒತ್ತನ್ನು ನೋಡುವರು. ಓರೆಯಾಗಿ ಜಗ್ಗಿ, ಬಿಟ್ಟಾಗ ಅದು ತನ್ನ ನೇರಕ್ಕೆ ಮರಳುವುದೋ ಇಲ್ಲವೋ ಗಮನಿಸುವರು. ಒದ್ದೆ ಮಾಡಿದ ಕರವಸ್ತ್ರದಿಂದ ಅಂಚನ್ನು ಒರೆಸಿ ಬಣ್ಣದ ಸತ್ಯವನ್ನು ಅರಿಯುವರು. ರೇಷ್ಮೆಯಾದರೆ ಸೆರಗಿನ ತುದಿಯ ಒಂದೆಳೆಯನ್ನು ಕೇಳಿ ಪಡೆದು ದೀಪಕ್ಕೆ ಹಿಡಿಯುವರು. ಅದು ಕೂದಲು ಸುಟ್ಟ ವಾಸನೆಯನ್ನು ಬೀರಿ ಪುಡಿಪುಡಿಯಾದರೆ ನಿಜವಾದ ರೇಷ್ಮೆ, ಕರಗಿ ಗಟ್ಟಿಯಾದರೆ ಕೃತಕ. ಜರಿಯ ಪರೀಕ್ಷೆಯು ಎಲ್ಲಕ್ಕೂ ಸೂಕ್ಷ್ಮವಾದುದು. ಕಂಚಿಯ ಒಳ್ಳೆಯ ಜರಿಯಲ್ಲಿ ಕೆಂಪು ರೇಷ್ಮೆಯ ನೂಲು, ಅದರ ಸುತ್ತ ಚಪ್ಪಟೆಗೊಳಿಸಿದ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ಲೇಪ. ಉಗುರಿನಿಂದ ಕೆರೆದಾಗ ಒಳಗಿನ ಕೆಂಪು ಕಂಡರೆ ಮನಸ್ಸಿಗೆ ನೆಮ್ಮದಿ. ಅಂಗಡಿಯವನು ಇದಕ್ಕೆ ಬೇಸರಪಡುತ್ತಿರಲಿಲ್ಲ. ಬಲ್ಲ ಗಿರಾಕಿಯೆದುರಿಗೆ ಅವನೂ ಎದ್ದು ನಿಂತು, ಅಟ್ಟದ ಮೇಲಿನ ಒಳ್ಳೆಯ ಮಾಲನ್ನು ಇಳಿಸುತ್ತಿದ್ದನು. ಹೊಸ ಹತ್ತಿಯ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಕುಗ್ಗುವಷ್ಟು ಕುಗ್ಗಿದ ಮೇಲೆಯೇ ದರ್ಜಿಗೆ ಕೊಡುವುದು, ಬೆಳೆಯುವ ಮಕ್ಕಳ ಉಡುಪಿನ ಅಂಚಿನಲ್ಲಿ ಮಡಿಕೆ ಬಿಡಿಸಿ ವರ್ಷವರ್ಷವೂ ಇಳಿಸಿಕೊಳ್ಳುವುದು, ಮಿಕ್ಕ ತುಂಡಿನಲ್ಲಿ ಕೈಚೀಲ ಹೊಲಿಸುವುದು, ಇವೆಲ್ಲವೂ ಆ ವಿದ್ಯೆಯ ಉತ್ತರಭಾಗ.

ಇಂತಹ ಇಬ್ಬರ ಮಗನಾಗಿ, ಅಂತಹ ನೆರೆಯವರನ್ನು ಕಂಡವನಾಗಿ ಬೆಳೆದ ನನ್ನ ಸ್ವಂತ ಸ್ವಭಾವವನ್ನು ಹೇಳುವುದಾದರೆ, ನಾನು ಬಟ್ಟೆ ಕೊಳ್ಳಲು ಹೋಗುವುದು ಅಪರೂಪ, ಹೋದರೆ ನಿಧಾನ. ಗಡಿಯಾರವನ್ನು ನೋಡುತ್ತ ಬಟ್ಟೆ ಆರಿಸುವುದು ನನ್ನಿಂದಾಗದು. ಜತೆಯಲ್ಲಿ ಒಬ್ಬರಿರಬೇಕು, ಅವರು ನನಗೆ ಒಪ್ಪದ ಬಣ್ಣವನ್ನು ಒಪ್ಪದೆಂದು ಹೇಳುವ ಧೈರ್ಯವುಳ್ಳವರಾಗಿರಬೇಕು. ಹತ್ತು ಥಾನು ಬಿಚ್ಚಿಸಿ ಏನನ್ನೂ ಕೊಳ್ಳದೆ ಎದ್ದು ಬರುವುದೆಂದರೆ ನನಗೆ ಇಂದಿಗೂ ಸಂಕೋಚ. ಮಡಿಸಿ ಮತ್ತೆ ಮೇಲಿಡುವ ಕೈಗಳ ಶ್ರಮ ಕಣ್ಣಿಗೆ ಕಟ್ಟುತ್ತದೆ. ಆದುದರಿಂದ ಏನು ಬೇಕು, ಎಷ್ಟರದು ಎಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೋಗುವ ಆ ಗಣಿಕಾರರ ಕ್ರಮವನ್ನೇ ನಾನು ಅನುಸರಿಸಿದ್ದೇನೆ. ನನಗಾಗಿ ಕೊಳ್ಳುವಾಗ ಇಲ್ಲದ ಉತ್ಸಾಹವು ಇನ್ನೊಬ್ಬರಿಗಾಗಿ ಕೊಳ್ಳುವಾಗ ಉಕ್ಕುವುದನ್ನು ಅನೇಕರು ಅನುಭವಿಸಿರಬಹುದು. ತಂಗಿಗೆ ಬಾಗಿನದ ಸೀರೆ, ಮಗುವಿಗೆ ನಾಮಕರಣದ ಅಂಗಿ, ಹಿರಿಯರಿಗೆ ಚಳಿಗಾಲದ ಶಾಲು, ಇವನ್ನು ಆರಿಸುವಾಗ ಕೊಳ್ಳುವವನು ಆ ವ್ಯಕ್ತಿಯ ಮೈಬಣ್ಣವನ್ನು, ನಡಿಗೆಯನ್ನು, ಇಷ್ಟಾನಿಷ್ಟಗಳನ್ನು ಅಷ್ಟು ಹೊತ್ತು ಏಕಾಗ್ರವಾಗಿ ಧ್ಯಾನಿಸುತ್ತಾನೆ. ದಿನನಿತ್ಯದ ಗಡಿಬಿಡಿಯಲ್ಲಿ ನಾವು ನಮ್ಮವರನ್ನು ಅಷ್ಟು ಗಮನವಿಟ್ಟು ನೆನೆಯುವ ಸಂದರ್ಭಗಳು ಎಷ್ಟಿವೆ? ಬೆರಳ ತುದಿಯಲ್ಲಿ ಚಿತ್ರವನ್ನು ಒತ್ತಿ ಬಟ್ಟೆಯನ್ನು ಬಾಗಿಲಿಗೆ ತರಿಸಿ, ಒಪ್ಪದಿದ್ದರೆ ಮರಳಿಸುವ ಇಂದಿನ ಅನುಕೂಲವನ್ನು ನಾನು ಹೀಗಳೆಯಲಾರೆ. ದೂರದ ಹಳ್ಳಿಯವರಿಗೂ ನಡೆಯಲಾಗದ ವೃದ್ಧರಿಗೂ, ಅಂಗಡಿಯಲ್ಲಿ ಮುಖ ನೋಡಿ ಮಣೆ ಹಾಕುವವರಿಂದ ನೊಂದವರಿಗೂ ಅದು ಉಪಕಾರಿಯೇ. ಆದರೆ ಕೈಗೆ ಬಟ್ಟೆಯ ಪರಿಚಯ ತಪ್ಪಿಹೋದದ್ದು ನಷ್ಟ. ನೂರು ಅಂಗಿಗಳ ಚಿತ್ರ ನೋಡಿದ ಹುಡುಗನಿಗೆ ಪಾಪ್ಲಿನ್ ಯಾವುದು, ಡ್ರಿಲ್ ಯಾವುದು ಎಂದು ಮುಟ್ಟಿ ಹೇಳಲು ಬಾರದು.

2001ರ ಫೆಬ್ರವರಿ 28ರಂದು, ಆ ಗಣಿಗಳನ್ನು ಕೊನೆಗೆ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯು ಮುಚ್ಚಿತು. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಾಗ ನಲಿದವರ ಮಕ್ಕಳು ಆ ದಿನ ಬೀದಿಯಲ್ಲಿ ನಿಂತರು. ಆಮೇಲಿನ ಹಬ್ಬಗಳಲ್ಲಿ ಜವಳಿ ಅಂಗಡಿಗಳು ತೆರೆದೇ ಇದ್ದುವು; ಜನ ಮೆಟ್ಟಿಲು ಹತ್ತಲಿಲ್ಲ. ಅಲ್ಲಿಯೇ ಇದ್ದ ಬಿ.ಇ.ಎಂ.ಎಲ್. ಕಾರ್ಖಾನೆಯ ಸಂಬಳದವರಿಂದ ಒಂದಿಷ್ಟು ವ್ಯಾಪಾರ ನಡೆಯುತ್ತಿತ್ತು. ಉಳಿದವರು ಬೆಳಗಿನ ಜಾವ ಎದ್ದು, ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲನ್ನು ಹಿಡಿದು ದುಡಿಮೆಗೆ ಹೊರಟರು. ಇಂದಿಗೂ ಆ ರೈಲಿನಲ್ಲಿ ಸಾವಿರಾರು ಜನ ಹೋಗಿ ಬರುತ್ತಾರೆ. ಅವರಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳೂ ಉಂಟು. ಬಟ್ಟೆಯಿಲ್ಲದೆ ದುಡಿದ ಗಣಿಕಾರರ ಮೊಮ್ಮಕ್ಕಳು ದೇಶಾಂತರದ ಜನಕ್ಕೆ ಬಟ್ಟೆ ಹೊಲಿಯುತ್ತಾರೆಂಬುದನ್ನು ನೆನೆದಾಗ ನನಗೆ ಹೆಮ್ಮೆಯೂ ಕಳವಳವೂ ಒಟ್ಟಿಗೆ ಆಗುತ್ತವೆ. 2013ರ ಏಪ್ರಿಲ್ 24ರಂದು ಢಾಕಾದ ಬಳಿಯ ರಾಣಾ ಪ್ಲಾಜಾ ಎಂಬ ಕಟ್ಟಡವು ಕುಸಿದು, ಉಡುಪು ಹೊಲಿಯುತ್ತಿದ್ದ 1,100ಕ್ಕೂ ಹೆಚ್ಚು ಮಂದಿ ಮಡಿದರು. 2016ರ ಏಪ್ರಿಲಿನಲ್ಲಿ, ಭವಿಷ್ಯನಿಧಿಯ ತಮ್ಮದೇ ಹಣವನ್ನು ಹಿಂತೆಗೆಯಲು ಅಡ್ಡಿಯಾಗುವ ಹೊಸ ನಿಯಮವು ಬಂದಾಗ ಬೆಂಗಳೂರಿನ ಉಡುಪು ಕಾರ್ಖಾನೆಗಳ ಸಹಸ್ರಾರು ಹೆಂಗಸರು ರಸ್ತೆಗಿಳಿದರು. ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ನಾವು ಕೊಳ್ಳುವ ಅಂಗಿಯು ಏಕೆ ಇಷ್ಟು ಅಗ್ಗವೆಂದು ವಿಚಾರಿಸದೆ ಸಂತೋಷಪಡುವುದು, ನನ್ನ ಅಭಿಪ್ರಾಯದಲ್ಲಿ, ಬೆಲೆಯನ್ನು ಇನ್ನೊಬ್ಬರ ಕೈಯಿಂದ ಕೊಡಿಸಿದಂತೆ.

ಈಚೆಗೆ ಆ ರೈಲಿನಲ್ಲಿ ಕಾಲರು ಹೊಲಿಯುವ ವಿಭಾಗದ ಹೆಣ್ಣುಮಗಳೊಬ್ಬಳೊಡನೆ ಮಾತಾಡುವ ಅವಕಾಶ ಒದಗಿತು. ಅಲ್ಲಿ ಒಬ್ಬಳು ಕಾಲರು, ಒಬ್ಬಳು ತೋಳು, ಒಬ್ಬಳು ಗುಂಡಿಯ ಪಟ್ಟಿ ಎಂದು ಕೆಲಸ ಹಂಚಿಕೆಯಾಗಿ, ಗಂಟೆಗಿಷ್ಟೆಂದು ಲೆಕ್ಕ ಒಪ್ಪಿಸಬೇಕಾದುದರಿಂದ ಯಾರೊಬ್ಬರೂ ಪೂರ್ತಿ ಅಂಗಿಯೊಂದನ್ನು ಹೊಲಿಯುವುದಿಲ್ಲವೆಂದು ಅವಳು ವಿವರಿಸಿದಳು. ನಾನು ತೊಟ್ಟಿದ್ದ ಅಂಗಿಯನ್ನು ಒಂದು ನೋಟ ನೋಡಿ, ಒಳಹೊಲಿಗೆಯು ಎಲ್ಲಿ ಬಿಟ್ಟುಕೊಳ್ಳುವುದೆಂದು ಬೆರಳಿಟ್ಟು ತೋರಿಸಿದಳು. ಸಿದ್ಧ ಉಡುಪನ್ನು ಕೊಳ್ಳುವಾಗ ಒಳಮಗ್ಗುಲನ್ನು ಹೊರಳಿಸಿ, ಅಂಚಿನ ದಾರಗಳು ಒತ್ತಾಗಿವೆಯೇ, ಪಕ್ಕದ ಹೊಲಿಗೆಗೆ ಬಟ್ಟೆ ಸಾಕಷ್ಟು ಬಿಟ್ಟಿದ್ದಾರೆಯೇ, ಕಾಲರಿನ ಎರಡು ತುದಿಗಳು ಸಮವಾಗಿವೆಯೇ ಎಂದು ನೋಡಬೇಕೆಂದಳು. ನಿನ್ನ ಬಟ್ಟೆಯನ್ನು ಎಲ್ಲಿ ಕೊಳ್ಳುವೆ ಎಂದು ಕೇಳಿದೆ. ತನಗೆ ಬೇಕಾದುದನ್ನು ಬೆಂಗಳೂರಿನಲ್ಲಿ ಕೊಳ್ಳುವಳಂತೆ. ತಾಯಿಯ ಪೊಂಗಲು ಸೀರೆ ಮಾತ್ರ ರಾಬರ್ಟ್‌ಸನ್‌ಪೇಟೆಯ ಗೀತಾ ರಸ್ತೆಯಲ್ಲಿ, ಬೆಲೆ ತುಸು ಹೆಚ್ಚಾದರೂ ಸರಿ, ತಾಯಿಯನ್ನೇ ಕರೆದುಕೊಂಡು ಹೋಗಿ ಕೂರಿಸಿ ಕೊಡಿಸುವಳಂತೆ. ತಾಯಿಗೆ ಹತ್ತು ಸೀರೆ ಬಿಚ್ಚಿಸಿ ನೋಡುವುದು ಇಷ್ಟ, ಅದಕ್ಕಾಗಿ ಕಾರ್ಖಾನೆಗೆ ಒಂದು ದಿನ ರಜೆ ಹಾಕುತ್ತೇನೆ ಎಂದಳು.